ಕುವೈತ್ ಯುದ್ಧದ ಪರಿಹಾರ: ನಮ್ಮ ಮನೆಯ ಅರ್ಜಿ ಹತ್ತು ವರ್ಷದಲ್ಲಿ ನಡೆದ ದಾರಿ

1990ರಲ್ಲಿ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿದಾಗ ನಷ್ಟವಾದವರಿಗೆ ವಿಶ್ವಸಂಸ್ಥೆಯ ಆಯೋಗ ಕೊಟ್ಟ ಪರಿಹಾರದ ಉಳಿದ ಹಣ 2000ದಲ್ಲಿ ನಮ್ಮ ಖಾತೆಗೆ ಬಂತು. 1990ರ ಆಗಸ್ಟ್‌ನಲ್ಲಿ ಕಳೆದುಕೊಂಡದ್ದಕ್ಕೆ ಹತ್ತು ವರ್ಷದ ಮೇಲೆ ಲೆಕ್ಕ ಮುಗಿಯಿತು. ಅರ್ಜಿ ಬರೆದು ಹಾಕಿದ್ದು ನನ್ನ ಯಜಮಾನರು. ಹಣ ಪಡೆದದ್ದು ನಾನು, ನಮ್ಮ ಇಬ್ಬರು ಮಕ್ಕಳು, ಮತ್ತು ಅತ್ತೆ. ನಡುವೆ ಯಜಮಾನರು ತೀರಿಕೊಂಡರು.

ಕುಂದಾಪುರ, ಬ್ರಹ್ಮಾವರ, ಉಡುಪಿ ಕಡೆ ಇಂಥ ಮನೆಗಳು ಆಗ ಇನ್ನೂ ಇದ್ದವು. ಅರ್ಜಿ ಹಾಕಿದವರು ತೀರಿಕೊಂಡಿದ್ದರು, ಅಥವಾ ಮತ್ತೆ ಗಲ್ಫಿಗೆ ಹೋಗಿದ್ದರು, ಅಥವಾ ಬಾಡಿಗೆ ಮನೆ ಬದಲಾಯಿಸಿದ್ದರು. "ಅದೆಲ್ಲ ಬರುವ ದುಡ್ಡಲ್ಲ ಬಿಡಿ" ಎಂದು ಕಾಗದಗಳನ್ನು ಅಟ್ಟಕ್ಕೆ ಹಾಕಿದವರೂ ಇದ್ದರು. ಹಣ ಆಗ ನಿಜಕ್ಕೂ ಬರುತ್ತಿತ್ತು. ತೆಗೆದುಕೊಳ್ಳಲು ಯಾರೂ ಸಿಗದಿದ್ದರೆ ಅದು ವಾಪಸ್ ಹೋಗುತ್ತಿತ್ತು. ಆ ದಾರಿ ಹೇಗಿತ್ತು ಎಂದು ಇಷ್ಟುದ್ದ ಬರೆಯುತ್ತಿದ್ದೇನೆ.

ನಾವು ಇದ್ದದ್ದು ಕುವೈತಿನ ಸಾಲ್ಮಿಯಾದಲ್ಲಿ. ಯಜಮಾನರು ಒಂದು ಕಂಪನಿಯಲ್ಲಿ ಎಸಿ ಮೆಕ್ಯಾನಿಕ್. ಸಂಜೆ ಹೊತ್ತು ಹೊರಗಿನ ರಿಪೇರಿ ಕೆಲಸವನ್ನೂ ಮಾಡುತ್ತಿದ್ದರು. ಆಗಸ್ಟ್ 2, ಗುರುವಾರ ಬೆಳಿಗ್ಗೆ ಇರಾಕಿನ ಸೈನ್ಯ ಒಳಗೆ ಬಂತು. ಶಾಲೆಗೆ ರಜೆ ಇದ್ದುದರಿಂದ ನಮ್ಮ ಪರಿಚಯದ ಎಷ್ಟೋ ಸಂಸಾರಗಳು ಊರಿಗೆ ಹೋಗಿದ್ದವು. ನಾವು ಅಲ್ಲೇ ಸಿಕ್ಕಿಕೊಂಡೆವು. ಬ್ಯಾಂಕ್ ಮುಚ್ಚಿತು. ಕಂಪನಿ ಬಾಗಿಲು ಹಾಕಿತು. ಜುಲೈ ತಿಂಗಳ ಸಂಬಳವೂ ಬಂದಿರಲಿಲ್ಲ. ಕೈಯಲ್ಲಿದ್ದ ಕುವೈತಿ ದಿನಾರಿಗೆ ಇರಾಕಿ ದಿನಾರಿನಷ್ಟೇ ಬೆಲೆ ಎಂದು ಹೊಸ ಆಡಳಿತ ಸಾರಿತು. ಮೂರು ಡಾಲರಿಗಿಂತ ಜಾಸ್ತಿ ಬಾಳುತ್ತಿದ್ದ ನೋಟು ಕೈಯಲ್ಲಿದ್ದ ಹಾಗೇ ಕರಗಿತು.

ಸೆಪ್ಟೆಂಬರ್‌ನಲ್ಲಿ ಹೊರಟೆವು. ಬಸ್ಸಿನಲ್ಲಿ ಬಸ್ರಾ, ಅಲ್ಲಿಂದ ಬಾಗ್ದಾದ್, ಆಮೇಲೆ ಜೋರ್ಡಾನ್ ಗಡಿ. ಗಡಿಯಲ್ಲಿ ಮರಳಿನ ಮೇಲೆ ಡೇರೆಗಳು. ನೀರಿಗೆ ಸಾಲು, ರೊಟ್ಟಿಗೆ ಸಾಲು. ಚಿಕ್ಕವನಿಗೆ ಭೇದಿ ಶುರುವಾಗಿ ಎರಡು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಬೊಂಬಾಯಿಗೆ ಕರೆತಂದಿತು. ಲಕ್ಷಕ್ಕೂ ಜಾಸ್ತಿ ಭಾರತೀಯರು ಆಗ ಇದೇ ದಾರಿಯಲ್ಲಿ ಬಂದರು. ಟಿಕೆಟ್‌ಗೆ ದುಡ್ಡು ಕೇಳಲಿಲ್ಲ. ಆ ಉಪಕಾರ ಮರೆಯುವಂಥದ್ದಲ್ಲ.

ಯಜಮಾನರದು ಒಂದು ಅಭ್ಯಾಸ ಇತ್ತು. ಯಾವ ಕಾಗದವನ್ನೂ ಬಿಸಾಡುತ್ತಿರಲಿಲ್ಲ. ಹೊರಡುವಾಗ ನಾನು ಮಕ್ಕಳ ಬಟ್ಟೆ ತುಂಬಿಕೊಂಡೆ, ಅವರು ಒಂದು ರೆಕ್ಸಿನ್ ಚೀಲದಲ್ಲಿ ಕಾಗದ ತುಂಬಿಕೊಂಡರು. ಸಿವಿಲ್ ಐಡಿ (ಕುವೈತಿನ ಗುರುತಿನ ಚೀಟಿ), ಕಂಪನಿಯ ಒಪ್ಪಂದ ಪತ್ರ, ಹಳೆಯ ಸಂಬಳದ ಚೀಟಿಗಳು, ಬಾಡಿಗೆ ರಸೀದಿ, ಫೋಟೊ. "ಇದನ್ನು ಯಾಕೆ ಹೊರುತ್ತೀರಿ" ಎಂದು ನಾನು ರೇಗಿದ್ದು ನೆನಪಿದೆ. ಮುಂದೆ ಆ ಚೀಲವೇ ನಮ್ಮ ಕೈ ಹಿಡಿಯಿತು.

ಈಗ ಪರಿಹಾರದ ವಿಷಯ. ಯುದ್ಧ ಮುಗಿದ ಮೇಲೆ, 1991ರ ಏಪ್ರಿಲ್‌ನಲ್ಲಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 687ನೇ ನಿರ್ಣಯ ಮಾಡಿತು. ಕುವೈತಿನ ಮೇಲಿನ ಆಕ್ರಮಣದಿಂದ ನೇರವಾಗಿ ಆದ ನಷ್ಟಕ್ಕೆ ಇರಾಕ್ ಹೊಣೆ ಎಂದು ಅದರಲ್ಲಿತ್ತು. ಮುಂದಿನ ತಿಂಗಳು ಅರ್ಜಿ ನೋಡಲು ಜಿನೀವಾದಲ್ಲಿ ಪರಿಹಾರ ಆಯೋಗ ಹುಟ್ಟಿತು (ಅದು 2022ರಲ್ಲಿ ಮುಚ್ಚಿತು). ಇರಾಕ್ ಮಾರುವ ಕಚ್ಚಾ ಎಣ್ಣೆಯ ಹಣದಲ್ಲಿ ಶೇ. 30 ಈ ನಿಧಿಗೆ ಎಂದಾಯಿತು. ನಮ್ಮಂಥವರು ನೇರವಾಗಿ ಜಿನೀವಾಗೆ ಬರೆಯುವಂತಿರಲಿಲ್ಲ. ಅವರವರ ದೇಶದ ಸರಕಾರದ ಮೂಲಕವೇ ಹೋಗಬೇಕಿತ್ತು. ನಮ್ಮಲ್ಲಿ ದೆಹಲಿಯ ವಿದೇಶಾಂಗ ಸಚಿವಾಲಯದ ಸ್ಪೆಷಲ್ ಕುವೈತ್ ಸೆಲ್ ಈ ಕೆಲಸ ನೋಡಿತು.

ಫಾರ್ಮನ್ನು ಮಂಗಳೂರಿನಿಂದ ಪರಿಚಯದವರು ತಂದುಕೊಟ್ಟರು. ಪೂರಾ ಇಂಗ್ಲಿಷ್. ಯಜಮಾನರು ಹತ್ತನೇ ಕ್ಲಾಸು, ನಾನು ಎಂಟು. ಹೈಸ್ಕೂಲಿನ ಮೇಷ್ಟ್ರೊಬ್ಬರು ಸಂಜೆ ಸಂಜೆ ಕೂತು ಸಾಲು ಸಾಲಾಗಿ ಅರ್ಥ ಹೇಳಿದರು. ಅವರು ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಅರ್ಜಿಗಳಲ್ಲಿ ಎ, ಬಿ, ಸಿ, ಡಿ ಎಂಬ ಬಗೆಗಳಿದ್ದವು. ಎ ಅಂದರೆ ಯುದ್ಧದಿಂದಾಗಿ ಕುವೈತ್ ಅಥವಾ ಇರಾಕ್ ಬಿಟ್ಟು ಬಂದವರಿಗೆ ನಿಗದಿ ಮೊತ್ತ. 1990ರ ಆಗಸ್ಟ್ 2ರಿಂದ 1991ರ ಮಾರ್ಚ್ 2ರ ಒಳಗೆ ಬಿಟ್ಟು ಬಂದಿರಬೇಕಿತ್ತು. ಒಬ್ಬರಿಗೆ 2,500 ಡಾಲರ್, ಸಂಸಾರಕ್ಕೆ 5,000. ಬಿ ಅಂದರೆ ಸಾವು ಅಥವಾ ಗಂಭೀರ ಗಾಯ. ಸಿ ಅಂದರೆ ಒಂದು ಲಕ್ಷ ಡಾಲರಿನವರೆಗಿನ ವೈಯಕ್ತಿಕ ನಷ್ಟ. ಮನೆ ಸಾಮಾನು, ಬಾಕಿ ಸಂಬಳ, ಸಣ್ಣ ವ್ಯಾಪಾರ ಎಲ್ಲ ಇದರಲ್ಲಿ. ಅದಕ್ಕೂ ಮೇಲಿನದು ಡಿ.

ಇಲ್ಲೊಂದು ಕವಲು ಇತ್ತು. "ನಾನು ಎ ಒಂದನ್ನೇ ಕೇಳುತ್ತೇನೆ, ಬೇರೆ ಯಾವ ಅರ್ಜಿಯನ್ನೂ ಹಾಕುವುದಿಲ್ಲ" ಎಂದು ಒಪ್ಪಿದರೆ ಮೊತ್ತ ಏರುತ್ತಿತ್ತು. ಒಬ್ಬರಿಗೆ 4,000, ಸಂಸಾರಕ್ಕೆ 8,000. ಒಪ್ಪದಿದ್ದರೆ 5,000 ಮಾತ್ರ, ಆದರೆ ಸಿ ಅರ್ಜಿ ಹಾಕಬಹುದಿತ್ತು. ನಮ್ಮ ಮನೆಯಲ್ಲಿ ಇದರ ಮೇಲೆ ಎಷ್ಟು ಮಾತು ನಡೆಯಿತು ಅಂದರೆ ಹೇಳಲಾರೆ. ನನಗೆ 8,000 ಸಾಕು ಅನಿಸಿತ್ತು. ಸಾಕ್ಷಿ ತೋರಿಸುವ ಗೋಜಿಲ್ಲ, ಬೇಗ ಬಂದೀತು, ಮಕ್ಕಳ ಶಾಲೆಗಾದೀತು. ಅವರು ಒಪ್ಪಲಿಲ್ಲ.

"ಕೊಡುವವರು ಕೊಡಲಿ, ಬಿಡಲಿ. ಹನ್ನೊಂದು ವರ್ಷ ದುಡಿದು ಮಾಡಿದ್ದು ಏನೇನು ಅಂತ ಒಂದು ಕಡೆ ಬರೆದಾದರೂ ಇಡ್ತೇನೆ" ಅಂದರು.

ಎ 5,000ಕ್ಕೂ, ಸಿಗೂ ಅರ್ಜಿ ಬರೆದೆವು. ಯಾವುದು ಸರಿ ಎಂಬುದು ಮನೆ ಮನೆಗೆ ಬೇರೆ. ಕೂಲಿಗೆ ಹೋಗಿ ಕಂಪನಿಯ ಕ್ಯಾಂಪಿನಲ್ಲಿದ್ದವರಿಗೆ, ಕಾಗದ ಇಲ್ಲದವರಿಗೆ, ಎ ಒಂದೇ ಒಳ್ಳೆಯದಾಯಿತು. ಸಂಸಾರ ಹೂಡಿದ್ದವರಿಗೆ, ಸಂಬಳ, ಗ್ರಾಚ್ಯುಟಿ ಬಾಕಿ ಇದ್ದವರಿಗೆ ಸಿ ಹಾಕಿದ್ದು ಲಾಭ. ನಮ್ಮ ಲೆಕ್ಕದಲ್ಲಿ ಕೊನೆಗೆ 8,000ಕ್ಕಿಂತ ಜಾಸ್ತಿಯೇ ಬಂತು.

ಸಾಮಾನಿನ ಪಟ್ಟಿ ಬರೆಯುವುದು ಸುಲಭ ಅಲ್ಲ. ಫ್ರಿಜ್ಜು, ಟಿವಿ, ನನ್ನ ಹೊಲಿಗೆ ಮಿಷನ್ನು, ಮಂಚ, ಹಳೆಯ ಡಾಟ್ಸನ್ ಕಾರು. ಇದನ್ನೆಲ್ಲ ಅವರು ಸಲೀಸಾಗಿ ಬರೆದರು. ತಮ್ಮ ಟೂಲ್ಸ್ ಬರೆಯುವಾಗ ಪೆನ್ನು ಇಟ್ಟುಬಿಟ್ಟರು. ಗೇಜ್ ಸೆಟ್ಟು, ವ್ಯಾಕ್ಯೂಮ್ ಪಂಪು, ಗ್ಯಾಸ್ ವೆಲ್ಡಿಂಗ್ ಸೆಟ್ಟು, ಒಂದೊಂದನ್ನೂ ಒಂದೊಂದು ತಿಂಗಳ ಸಂಬಳದಲ್ಲಿ ಮಿಗಿಸಿ ಕೊಂಡದ್ದು. ಮಾರನೇ ದಿನ ಮೇಷ್ಟ್ರ ಎದುರು ಕೂತು ಅದನ್ನು ಮುಗಿಸಿದರು.

ಇದಕ್ಕೆಲ್ಲ ಬಿಲ್ಲು ಎಲ್ಲಿಂದ ತರುವುದು? ಆಗ ಉಪಯೋಗಕ್ಕೆ ಬಂದದ್ದು ಫೋಟೊಗಳು. ಮಗಳ ಹುಟ್ಟುಹಬ್ಬದ ಫೋಟೊ. ಕೇಕಿನ ಹಿಂದೆ ಫ್ರಿಜ್ಜು ಕಾಣುತ್ತದೆ, ಪಕ್ಕದಲ್ಲಿ ಟಿವಿ. ಕಾರಿಗೆ ಒರಗಿ ನಿಂತದ್ದು ಇನ್ನೊಂದು. ಅದರ ಜೊತೆ ಸಾಲ್ಮಿಯಾ ವಿಳಾಸಕ್ಕೆ ಊರಿನಿಂದ ಬಂದ ಪತ್ರದ ಲಕೋಟೆಗಳು, ಮುದ್ರೆ ಸಮೇತ. ಅದೇ ಕಟ್ಟಡದಲ್ಲಿದ್ದ ಮಲಯಾಳಿ ಸಂಸಾರವೊಂದು ನಮಗೆ ಸಾಕ್ಷಿ ಪತ್ರ ಬರೆದುಕೊಟ್ಟಿತು, ನಾವು ಅವರಿಗೆ ಬರೆದುಕೊಟ್ಟೆವು. ಬಿಲ್ಲು ಇಲ್ಲದವರು ತಾವು ಅಲ್ಲಿ ಬಾಳಿದ್ದೆವು ಎಂದು ತೋರಿಸುವ ಸಣ್ಣ ಸಣ್ಣ ಚೂರುಗಳನ್ನು ಸೇರಿಸಬೇಕಿತ್ತು. ಒಂದರ ಪಕ್ಕ ಒಂದು ಇಟ್ಟಾಗ ಅದಕ್ಕೆ ತೂಕ ಬರುತ್ತಿತ್ತು.

ತೊಡಕು ಬಂದದ್ದು ಯಜಮಾನರ ಪ್ರಯಾಣದ ಸಾಕ್ಷಿಗೆ. ಅವರ ಪಾಸ್‌ಪೋರ್ಟ್ ಕಫೀಲನ (ಅಲ್ಲಿ ಕೆಲಸಕ್ಕೆ ಕರೆಸಿಕೊಂಡ ಪ್ರಾಯೋಜಕನ) ಹತ್ತಿರ ಇತ್ತು. ಆ ಮನುಷ್ಯ ಯುದ್ಧದ ಮೊದಲ ವಾರವೇ ಊರು ಬಿಟ್ಟಿದ್ದ. ಗಲ್ಫಿನಲ್ಲಿ ದುಡಿದವರಿಗೆ ಇದು ಹೊಸದಲ್ಲ. ನಮ್ಮ ರಾಯಭಾರ ಕಚೇರಿ ಕೊಟ್ಟ ಒಂದು ಹಾಳೆಯ ಪ್ರಯಾಣ ಪತ್ರದ ಮೇಲೆ ಅವರು ಬಂದರು, ಅದನ್ನು ಬೊಂಬಾಯಿಯಲ್ಲಿ ವಾಪಸ್ ತೆಗೆದುಕೊಂಡರು. ನನ್ನ ಮತ್ತು ಮಕ್ಕಳ ಪಾಸ್‌ಪೋರ್ಟಿನಲ್ಲಿ ಜೋರ್ಡಾನ್ ಮುದ್ರೆ ಇತ್ತು, ಅವರದಕ್ಕೆ ಏನೂ ಇಲ್ಲ. ಹಳೆಯ ಪಾಸ್‌ಪೋರ್ಟಿನ ಜೆರಾಕ್ಸ್, ಸಿವಿಲ್ ಐಡಿ, ನನ್ನ ಮುದ್ರೆಗಳು, ಜೊತೆಗೆ ಒಂದು ಅಫಿಡವಿಟ್ ಇಟ್ಟು ಕಳಿಸಿದೆವು. ಲಕ್ಷಗಟ್ಟಲೆ ಎ ಅರ್ಜಿಗಳನ್ನು ಜಿನೀವಾದಲ್ಲಿ ಕಂಪ್ಯೂಟರಿಗೆ ಹಾಕಿ, ವಿಮಾನದ ಮತ್ತು ಗಡಿಯ ಪಟ್ಟಿಗಳ ಜೊತೆ ಹೊಂದಿಸಿ ನೋಡುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಅದಕ್ಕೇ ಹೆಸರಿನ ಅಕ್ಷರ, ಹುಟ್ಟಿದ ತಾರೀಖು, ಪಾಸ್‌ಪೋರ್ಟ್ ನಂಬರ್ ಎಲ್ಲ ಕಡೆ ಒಂದೇ ಥರ ಇರಬೇಕಿತ್ತು.

ಸಿ ಅರ್ಜಿಯಲ್ಲಿ ಒಂದೇ ನಷ್ಟವನ್ನು ಎರಡು ಕಡೆ ಕೇಳುವಂತಿರಲಿಲ್ಲ. ಬೇರೆ ಯಾರಾದರೂ ಕೊಟ್ಟಿದ್ದನ್ನೂ ಕೇಳುವಂತಿರಲಿಲ್ಲ. ವಿಮಾನದ ಟಿಕೆಟ್ ಸರಕಾರದ ಖರ್ಚು, ಅದನ್ನು ನಾವು ಬರೆಯಲಿಲ್ಲ.

ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ಕಾದೆವು. ಅರ್ಜಿ ತಲುಪಿತು ಎಂದು ಒಂದು ನಂಬರ್ ಬಂತು. ಆಮೇಲೆ ವರ್ಷಗಟ್ಟಲೆ ಸುದ್ದಿಯೇ ಇಲ್ಲ. ಕಾರಣ ಇತ್ತು. ನಿಧಿಗೆ ಎಣ್ಣೆಯ ಹಣ ಬರಬೇಕು, ಆದರೆ ಇರಾಕಿನ ಎಣ್ಣೆ ಮಾರಾಟಕ್ಕೆ ನಿರ್ಬಂಧ. ವಿಶ್ವಸಂಸ್ಥೆ ಹೇಳಿದ ಷರತ್ತಿಗೆ ಇರಾಕ್ ಒಪ್ಪಲಿಲ್ಲ. ಆಹಾರಕ್ಕಾಗಿ ಎಣ್ಣೆ ಎಂಬ ಒಪ್ಪಂದ ಕುದುರಿ 1996ರ ಡಿಸೆಂಬರ್‌ನಲ್ಲಿ ಎಣ್ಣೆ ಹೊರಟ ಮೇಲೆಯೇ ನಮ್ಮಂಥವರ ಹಣ ಕದಲಿದ್ದು. ಆ ಎಣ್ಣೆಯ ಹಣದಲ್ಲೇ ಅಲ್ಲಿನ ಜನರಿಗೆ ಗೋಧಿ, ಔಷಧಿಯೂ ಹೋಗಬೇಕು. ಬಾಗ್ದಾದ್ ದಾರಿಯಲ್ಲಿ ನಮ್ಮ ಮಕ್ಕಳಿಗೆ ನೀರು ಕೊಟ್ಟ ಇರಾಕಿ ಹೆಂಗಸರು ನನಗೆ ಆಗಾಗ ನೆನಪಾಗುತ್ತಿದ್ದರು. ಅವರ ಮಕ್ಕಳ ಪಾಲು ಕಡಿಮೆ ಆಗಿ ನಮಗೆ ಬಂತೇ ಎಂಬ ಸಂಕಟ ಈಗಲೂ ಇದೆ. ಆದರೂ ನಾವು ಕೇಳಿದ್ದು ನಮ್ಮ ದುಡಿಮೆಯನ್ನು.

ಯಜಮಾನರು ಅದನ್ನು ನೋಡಲು ಇರಲಿಲ್ಲ. 1996ರ ಮಳೆಗಾಲದಲ್ಲಿ ಎದೆನೋವು ಎಂದು ಮಲಗಿದವರು ಏಳಲಿಲ್ಲ. ನಾನು ಕುಂದಾಪುರದ ಬಾಡಿಗೆ ಮನೆ ಬಿಟ್ಟು ಬ್ರಹ್ಮಾವರದ ಹತ್ತಿರ ತಾಯಿಮನೆಗೆ ಬಂದೆ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಅರ್ಜಿಯಲ್ಲಿದ್ದ ವಿಳಾಸದಲ್ಲಿ ಮನೆಯೂ ತಪ್ಪು, ಜಿಲ್ಲೆಯೂ ತಪ್ಪು. ಅರ್ಜಿ ಹಾಕಿದ ವ್ಯಕ್ತಿಯೂ ಇಲ್ಲ.

1998ರಲ್ಲಿ ಪತ್ರ ಬಂತು. ಹಳೆಯ ವಿಳಾಸಕ್ಕೆ ಬಂದದ್ದನ್ನು ಗುರುತು ಹಿಡಿದ ಪೋಸ್ಟ್‌ಮ್ಯಾನ್ ನಮ್ಮ ಭಾವನ ಅಂಗಡಿಗೆ ಮುಟ್ಟಿಸಿದ್ದರು. ಅವರು ಹಾಗೆ ಮಾಡದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಲಕೋಟೆಯ ಮೇಲೆ ಯಜಮಾನರ ಪೂರ್ತಿ ಹೆಸರು. ತೆರೆಯಲು ಕೈ ಬರಲಿಲ್ಲ, ಮಗಳು ಓದಿದಳು. ಅರ್ಜಿ ಪಾಸಾಗಿದೆ, ಮೊದಲ ಕಂತು ಸಿದ್ಧ ಇದೆ, ಗುರುತಿನ ಕಾಗದ ಮತ್ತು ಖಾತೆಯ ವಿವರ ಕಳಿಸಿ ಎಂದಿತ್ತು.

ಆಗ ಒಂದು ನಿಯಮ ಇತ್ತು. ಆಯೋಗದಿಂದ ಹಣ ಬಂದ ಆರು ತಿಂಗಳೊಳಗೆ ಸರಕಾರ ಅದನ್ನು ಹಂಚಬೇಕಿತ್ತು. ಹಂಚಲಾಗದ ಹಣ ಕೊನೆಗೆ ಜಿನೀವಾಗೆ ವಾಪಸ್ ಹೋಗುತ್ತಿತ್ತು. ಆದ್ದರಿಂದ ವಾರಸುದಾರರು ಎಲ್ಲ ಕಾಗದ ಕೂಡಿಸಿಕೊಂಡೇ ಬರೆಯೋಣ ಎಂದು ಕಾಯುವಂತಿರಲಿಲ್ಲ. ಪತ್ರ ಕೈಗೆ ಬಂದ ದಿನವೇ ಉತ್ತರ ಬರೆಯಬೇಕಿತ್ತು. ಅರ್ಜಿದಾರರು ತೀರಿಕೊಂಡಿದ್ದಾರೆ, ಮರಣ ಪ್ರಮಾಣಪತ್ರ ಇಟ್ಟಿದೆ, ಕೋರ್ಟಿನ ವಾರಸು ಪತ್ರಕ್ಕೆ ಅರ್ಜಿ ಹಾಕುತ್ತಿದ್ದೇವೆ, ಅಲ್ಲಿಯವರೆಗೆ ಹಣ ಇಟ್ಟುಕೊಳ್ಳಿ, ಇದು ನಮ್ಮ ಹೊಸ ವಿಳಾಸ. ಇಷ್ಟು ಸಾಕಿತ್ತು. ಅಕ್ನಾಲೆಡ್ಜ್‌ಮೆಂಟ್ ಕಾರ್ಡ್ ಲಗತ್ತಿಸಿ ಕಳಿಸಿ, ಅದು ವಾಪಸ್ ಬಂದ ಮೇಲೆ ಜೋಪಾನ ಮಾಡಬೇಕಿತ್ತು.

ನಾನು ಶಾನುಭೋಗರ ಹತ್ತಿರ ವಂಶವೃಕ್ಷ ಬರೆಸಿದೆ, ತಾಲೂಕು ಕಚೇರಿಯಲ್ಲಿ ಸೀಲು ಹಾಕಿಸಿದೆ. ಅದೇ ಸಾಕು ಎಂದು ಒಬ್ಬರು ಹೇಳಿದ್ದರು. ಸಾಕಾಗಲಿಲ್ಲ. ಈ ಹಣಕ್ಕೆ ಸಿವಿಲ್ ಕೋರ್ಟಿನ ಸಕ್ಸೆಷನ್ ಸರ್ಟಿಫಿಕೇಟ್ (ವಾರಸು ಪತ್ರ) ಬೇಕಿತ್ತು. ವಕೀಲರನ್ನು ಹಿಡಿದೆ. ಅರ್ಜಿ ಹಾಕಿ, ಪೇಪರಿನಲ್ಲಿ ನೋಟಿಸ್ ಕೊಟ್ಟು, ಯಾರದಾದರೂ ತಕರಾರು ಇದೆಯೇ ಎಂದು ಕಾಯಬೇಕು. ಒಂದು ಸಲ ಜಡ್ಜ್ ರಜೆ, ಒಂದು ಸಲ ವಕೀಲರ ಮುಷ್ಕರ. ಮೊತ್ತದ ಮೇಲೆ ಲೆಕ್ಕ ಹಾಕಿ ಕೋರ್ಟ್ ಶುಲ್ಕ ಕಟ್ಟಬೇಕು. ಹಣ ಕೈಗೆ ಬರುವ ಮೊದಲೇ ಆ ಶುಲ್ಕ, ವಕೀಲರ ಫೀಸು, ನೋಟಿಸಿನ ಖರ್ಚು. ನಾನು ಬಳೆ ಅಡವಿಟ್ಟೆ.

ಗಂಡ ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಮಾತ್ರ ಎಂದು ನಮ್ಮಲ್ಲಿ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ಹಿಂದೂ ವಾರಸು ಕಾನೂನಿನಲ್ಲಿ ತಾಯಿಗೂ ಸಮ ಪಾಲು. ಅತ್ತೆ ಆಗ ಡೊಂಬಿವಲಿಯಲ್ಲಿ ದೊಡ್ಡ ಭಾವನ ಮನೆಯಲ್ಲಿದ್ದರು. ಫೋನಿನಲ್ಲಿ "ನಂಗೆಂತಕೆ ದುಡ್ಡು, ಮಕ್ಕಳಿಗಾಗ್ಲಿ" ಅಂದರು. ಆದರೆ ಅವರು ಬಂದು ಕೋರ್ಟಿನಲ್ಲಿ ಹೇಳಲೇಬೇಕಿತ್ತು. ಮಂಡಿನೋವಿನಲ್ಲೇ ಬಸ್ಸಿನಲ್ಲಿ ಒಂದು ರಾತ್ರಿ ಕೂತು ಬಂದರು. ವಕೀಲರು ಹಕ್ಕು ಬಿಡುವ ಪತ್ರ ಮಾಡಿಸೋಣವೇ ಎಂದು ಕೇಳಿದಾಗ ನಾನು ಬೇಡ ಅಂದೆ. ಮಗನ ದುಡಿಮೆಯಲ್ಲಿ ತಾಯಿಗೆ ಪಾಲು ಬರಬೇಕು, ಅಲ್ವಾ. ವಯಸ್ಸಾದ ತಾಯಂದಿರಿಂದ ಸುಮ್ನೆ ಸಹಿ ಹಾಕಿಸಿಕೊಳ್ಳುವುದನ್ನು ಕೋರ್ಟಿನ ಜಗಲಿಯಲ್ಲಿ ನೋಡಿ ನನಗೆ ಬಹಳ ಬೇಸರ ಆಗಿದೆ.

ಮಗ ಆಗ ಅಪ್ರಾಪ್ತ. ಅವನ ಪಾಲನ್ನು ಹದಿನೆಂಟು ತುಂಬುವವರೆಗೆ ಠೇವಣಿ ಇಡಲು ಕೋರ್ಟ್ ಹೇಳಿತು. ಅದು ಒಳ್ಳೆಯದೇ ಆಯಿತು.

ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಬ್ಯಾಂಕಿನಲ್ಲಿ ಇನ್ನೊಂದು ತಡೆ. ಪಾಸ್‌ಪೋರ್ಟಿನಲ್ಲಿ ಯಜಮಾನರ ಹೆಸರಿನ ಜೊತೆ ಅಪ್ಪನ ಹೆಸರು ಪೂರ್ತಿ ಇತ್ತು, ಮರಣ ಪ್ರಮಾಣಪತ್ರದಲ್ಲಿ ಇನಿಶಿಯಲ್ ಮಾತ್ರ. ಇಬ್ಬರೂ ಒಬ್ಬರೇ ಎಂದು ಛಾಪಾ ಕಾಗದದಲ್ಲಿ ಅಫಿಡವಿಟ್, ನೋಟರಿ, ಶಾಲೆಯ ಸರ್ಟಿಫಿಕೇಟ್. ನಮ್ಮ ಕಡೆಯವರಿಗೆ ಈ ಇನಿಶಿಯಲ್ ತೊಂದರೆ ತಪ್ಪಿದ್ದಲ್ಲ. ಮೊದಲೇ ಮಾಡಿಸಿಟ್ಟರೆ ಓಡಾಟ ಉಳಿಯುತ್ತದೆ.

ಮೊದಲ ಕಂತಿನಲ್ಲಿ ಎ ಮತ್ತು ಸಿ ಅರ್ಜಿಗಳಿಗೆ ಎಲ್ಲರಿಗೂ 2,500 ಡಾಲರ್ ಮಿತಿ. ಇದ್ದ ಸ್ವಲ್ಪ ಹಣ ಎಲ್ಲರಿಗೂ ಮುಟ್ಟಲಿ ಎಂದು ಆಯೋಗ ಹಾಗೆ ಮಾಡಿತ್ತು. ಉಳಿದದ್ದು ಮುಂದಿನ ಹಂತದಲ್ಲಿ. ಆ ಮುಂದಿನ ಹಂತವೇ ನನ್ನನ್ನು ಮತ್ತೆ ಕೋರ್ಟಿಗೆ ಎಳೆಯಿತು. ಸಕ್ಸೆಷನ್ ಸರ್ಟಿಫಿಕೇಟಿನಲ್ಲಿ ಬರೆದ ಮೊತ್ತಕ್ಕೆ ಮಾತ್ರ ಅದು ನಡೆಯುತ್ತದೆ. ನಮ್ಮದರಲ್ಲಿ ಆಗ ಗೊತ್ತಿದ್ದ ಮೊದಲ ಕಂತು ಮಾತ್ರ ಇತ್ತು. ಎರಡನೇ ಕಂತು ಬಂದಾಗ ಅದೇ ಸರ್ಟಿಫಿಕೇಟನ್ನು ವಿಸ್ತರಿಸಲು ಮತ್ತೆ ಅರ್ಜಿ, ಮತ್ತೆ ಶುಲ್ಕ. ನಾನು ದೆಹಲಿಗೆ ಬರೆದು ಒಟ್ಟು ಮಂಜೂರಾದ ಮೊತ್ತ ಎಷ್ಟು ಎಂದು ಮೊದಲೇ ತಿಳಿದುಕೊಳ್ಳಬೇಕಿತ್ತು. ಎ, ಸಿ ಎರಡರ ನಂಬರನ್ನೂ ಒಂದೇ ಅರ್ಜಿಯಲ್ಲಿ ಬರೆಸಬೇಕಿತ್ತು.

ಎ ಪೂರ್ತಿ 5,000 ಬಂತು. ಸಿಯಲ್ಲಿ ಕೇಳಿದ್ದರ ಅರ್ಧಕ್ಕಿಂತ ಕಡಿಮೆ. ಸಂಬಳದ ಬಾಕಿಗೆ ಚೀಟಿಗಳು ಇದ್ದುದರಿಂದ ಒಳ್ಳೆಯ ಭಾಗ ಸಿಕ್ಕಿತು, ಸಾಮಾನಿಗೆ ಬಹಳ ಕಡಿತ. ಯಾವ ವಸ್ತುವಿಗೆ ಎಷ್ಟು ಎಂಬ ವಿವರ ನಮ್ಮ ಕೈಗೆ ಬರಲಿಲ್ಲ. ಅವರ ಟೂಲ್ಸಿಗೆ ಏನು ಬೆಲೆ ಕಟ್ಟಿದರೋ ಎಂದು ನಾನು ಬಹಳ ಯೋಚಿಸಿದೆ. ಮೇಲ್ಮನವಿ ಇರಲಿಲ್ಲ. ಆಯೋಗದ ಆಡಳಿತ ಮಂಡಳಿ ಹೇಳಿದ್ದೇ ಕೊನೆ. ಕೂಡುವ ಕಳೆಯುವ ತಪ್ಪು ಅಥವಾ ಬರವಣಿಗೆಯ ತಪ್ಪು ಇದ್ದರೆ ಮಾತ್ರ 60 ದಿನದೊಳಗೆ ತಿಳಿಸಬಹುದಿತ್ತು, ಅದೂ ಸರಕಾರದ ಮೂಲಕ.

ಹಣ ತಡವಾದರೂ ಒಂದು ವಿಷಯ ನಮ್ಮ ಕಡೆಗಿತ್ತು. ಮೊತ್ತ ಡಾಲರಿನಲ್ಲಿ. ನಾವು ಓಡಿಬಂದಾಗ ಡಾಲರಿಗೆ 18 ರೂಪಾಯಿಯ ಹತ್ತಿರ, 2000ದಲ್ಲಿ 46ರ ಹತ್ತಿರ. ಊರಿನ ಬೆಲೆಗಳೂ ಅಷ್ಟೇ ಏರಿದ್ದವು ಅನ್ನಿ. ಆದರೂ ರೂಪಾಯಿಯಲ್ಲಿ ಬರೆದಿದ್ದರೆ ಏನೂ ಉಳಿಯುತ್ತಿರಲಿಲ್ಲ. ಎ, ಬಿ, ಸಿ ಪರಿಹಾರದಲ್ಲಿ ಶೇ. 1.5ರವರೆಗೆ ಕೆಲಸದ ವೆಚ್ಚಕ್ಕೆ ಹಿಡಿದುಕೊಳ್ಳಲು ಸರಕಾರಗಳಿಗೆ ಆಯೋಗ ಅವಕಾಶ ಕೊಟ್ಟಿತ್ತು. ಅದಕ್ಕಿಂತ ಜಾಸ್ತಿ ಕಮಿಷನ್ ಕೇಳುವವರು ಯಾರೇ ಬಂದರೂ ಕೊಡಬೇಕಿರಲಿಲ್ಲ. "ಜಿನೀವಾದಲ್ಲಿ ನಮ್ಮವರಿದ್ದಾರೆ, ಕಾಲು ಭಾಗ ಕೊಟ್ಟರೆ ಬೇಗ ಮಾಡಿಸುತ್ತೇನೆ" ಎಂದು ನಮ್ಮ ಮನೆಗೂ ಒಬ್ಬ ಬಂದಿದ್ದ. ವಿಧವೆಯರ ಮನೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದ ಎಂದು ತಿಳಿದಾಗ ನನ್ನ ಹೊಟ್ಟೆ ಉರಿಯಿತು. ಅರ್ಜಿ ಹಾಕಿದ ಕುಟುಂಬಕ್ಕೆ ಯಾವ ದಲ್ಲಾಳಿಯೂ ಬೇಕಾಗಿರಲಿಲ್ಲ.

ಹೊಸ ಅರ್ಜಿ ಹಾಕಬಹುದೇ ಎಂದು ಕೇಳುತ್ತಿದ್ದರು. ಎ, ಬಿ, ಸಿಗೆ ಕೊನೆಯ ದಿನ 1995ರ ಜನವರಿ 1 ಆಗಿತ್ತು. ಈಗ ಹೊಸದಾಗಿ ಅರ್ಜಿ ತುಂಬಿಸುತ್ತೇನೆ ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ಆದರೆ ಆಗಲೇ ಹಾಕಿದ್ದ ಅರ್ಜಿಯ ಹಣಕ್ಕೆ ವಾರಸುದಾರರು ಕೇಳುವುದು ಬೇರೆ ವಿಷಯವಾಗಿತ್ತು.

ಅರ್ಜಿಯ ನಂಬರ್ ಕಳೆದುಹೋಗಿದ್ದರೂ ಬಿಡಬೇಕಿರಲಿಲ್ಲ. ಕೋಟದ ಕಡೆಯ ಒಬ್ಬ ಅಕ್ಕನ ಗಂಡ ಕುವೈತಿನ ಫರ್ವಾನಿಯಾದಲ್ಲಿ ಚಾಲಕರಾಗಿದ್ದರು, ತೀರಿಕೊಂಡು ಸುಮಾರು ವರ್ಷ ಆಗಿತ್ತು. ಮನೆಯಲ್ಲಿ ಉಳಿದದ್ದು ಹಳೆಯ ಪಾಸ್‌ಪೋರ್ಟ್ ಒಂದೇ. 2000ದಲ್ಲಿ ನಾವಿಬ್ಬರೂ ಕೂತು ಪತ್ರ ಬರೆದೆವು. ಪೂರ್ತಿ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು, ಪಾಸ್‌ಪೋರ್ಟ್ ನಂಬರ್, ಆಗಿನ ವಿಳಾಸ ದಕ್ಷಿಣ ಕನ್ನಡ ಜಿಲ್ಲೆ ಎಂದು, ಈಗಿನದು ಉಡುಪಿ ಜಿಲ್ಲೆ ಎಂದು. ಜೊತೆಗೆ ಮರಣ ಪ್ರಮಾಣಪತ್ರದ ಪ್ರತಿ. ಆಗಿನ್ನೂ ಉತ್ತರ ಬಂದಿರಲಿಲ್ಲ. ಬಂದರೆ ಅದೇ ವಕೀಲರ ಹತ್ತಿರ ಕರೆದುಕೊಂಡು ಹೋಗಬೇಕು ಎಂದಿದ್ದೆ.